ಸೊನ್ನೆ ಪಿಪಿಎಂ ಎಂಬ ಶೋಕಿ

ಬೆಂಗಳೂರಿನ ಅಪಾರ್ಟ್‌ಮೆಂಟುಗಳಲ್ಲಿ ಒಂದು ವಿಚಿತ್ರ ದೂರು ಕೇಳಿ ಕೇಳಿ ಸಾಕಾಗಿದೆ. "ನೀರು ಜಾರುತ್ತೆ ಕಣ್ರೀ!" ಎಷ್ಟು ತೊಳೆದರೂ ಸೋಪು ಹೋಗಲ್ಲವಂತೆ, ಮೈಗೆಲ್ಲ ಲೋಳೆಸರ ಹಚ್ಚಿಕೊಂಡ ಹಾಗಿರುತ್ತಂತೆ, ಒಂದು ಬಕೆಟ್ ಸಾಕಾಗುತ್ತಿದ್ದ ಸ್ನಾನಕ್ಕೆ ಈಗ ಎರಡೂವರೆ ಬಕೆಟ್ ಬೇಕಂತೆ. ಹೀಗೆ ಹೇಳುವವರು ಯಾರು ಅಂತೀರಿ? ಕೆಲವೇ ವರ್ಷಗಳ ಹಿಂದೆ "ಬೋರ್ ನೀರು ಸ್ವಾಮಿ, ನೊರೆನೇ ಬರಲ್ಲ, ನಲ್ಲಿ ಮೇಲೆಲ್ಲ ಬಿಳಿ ಬಿಳಿ, ಕೂದಲು ಉದುರಿಹೋಯ್ತು" ಅಂತ ಮೀಟಿಂಗಿನಲ್ಲಿ ಕೂಗಾಡಿ, ಲಕ್ಷಗಟ್ಟಲೆ ಸುರಿದು ಸಾಫ್ಟ್‌ನರ್ ಹಾಕಿಸಿದ ಅದೇ ಮಹಾನುಭಾವರು!

ಮೆಷಿನ್ನಿನ ಮೇಲೆ ನನಗೆ ಸಿಟ್ಟಿಲ್ಲ. ಸಿಟ್ಟಿರೋದು ಅದನ್ನು ಸೊನ್ನೆಗೆ ತಿರುಗಿಸಿಟ್ಟು ಅದೇ ದೊಡ್ಡ ಸಾಧನೆ ಅಂತ ಓಡಾಡುವವರ ಮೇಲೆ. ಮನೆಬಳಕೆಯ ನೀರಿಗೆ ಸೊನ್ನೆ ಗಡಸುತನ ಬೇಕಾಗಿಲ್ಲ. ಬೇಕಾಗಿಲ್ಲ ಅಷ್ಟೇ ಅಲ್ಲ, ಅದು ದುಡ್ಡಿಗೆ ದಂಡ, ಗಿಡಕ್ಕೆ ಕಂಟಕ, ನಮ್ಮ ನೀರು ಹರಿದುಹೋಗುವ ಊರಿನವರಿಗೆ ಅನ್ಯಾಯ. ಇದನ್ನು ನಮ್ಮ ಅಸೋಸಿಯೇಷನ್ನಿನಲ್ಲಿ ಹೇಳಿ ಹೇಳಿ ಗಂಟಲು ಒಣಗಿತು. ಈಗ ಇಲ್ಲಿ ಬರೀತಿದೀನಿ, ನಿಮ್ಮಲ್ಲಿ ಅರ್ಧ ಜನ ಇಂಥ ಕಟ್ಟಡಗಳಲ್ಲೇ ಇದೀರಿ ಅನ್ನೋ ಧೈರ್ಯದ ಮೇಲೆ :)

ಮೊದಲು ಈ ಜಾರುವಿಕೆ ಏನು ಅಂತ ನೋಡಿಬಿಡೋಣ. ಗಡಸು ನೀರಿನಲ್ಲಿ ಕ್ಯಾಲ್ಶಿಯಂ, ಮೆಗ್ನೀಶಿಯಂ ಜಾಸ್ತಿ. ಸೋಪು ಹಾಕಿದ ತಕ್ಷಣ ಅವು ಸೋಪಿನ ಜೊತೆ ಗಂಟು ಕಟ್ಟಿಕೊಂಡು ಕರಗದ ಒಂದು ಜಿಡ್ಡಾಗುತ್ತವೆ. ಬಕೆಟ್ಟಿನ ಅಂಚಿಗೆ, ಬಚ್ಚಲ ಟೈಲ್ಸಿಗೆ ಹತ್ತಿಕೊಳ್ಳುವ ಆ ಬೂದುಬಣ್ಣದ ಕೊಳೆ ಇದೆಯಲ್ಲ, ಅದೇ. ಅದೇ ಜಿಡ್ಡು ತೆಳ್ಳಗೆ ನಮ್ಮ ಮೈಮೇಲೂ ಕೂತಿರುತ್ತೆ. ಕೈ ಉಜ್ಜಿದರೆ ಕಿರ್ ಅನ್ನುತ್ತೆ. ನಾವು ಅದನ್ನೇ ಸ್ವಚ್ಛತೆ ಅಂತ ಚಿಕ್ಕಂದಿನಿಂದ ನಂಬಿಕೊಂಡು ಬಂದಿದೀವಿ. ಮೆದು ನೀರಿನಲ್ಲಿ ಈ ಗಂಟು ಕಟ್ಟುವ ಕೆಲಸ ನಡೆಯೋದೇ ಇಲ್ಲ. ಸೋಪು ಸೋಪಾಗೇ ಉಳಿಯುತ್ತೆ, ಒಂಚೂರು ಉಳಿದರೂ ಜಾರುತ್ತೆ. ಜೊತೆಗೆ ಬೋರ್ ನೀರಿನ ಕಾಲದಲ್ಲಿ ಹಾಕುತ್ತಿದ್ದಷ್ಟೇ ಸೋಪು, ಅಷ್ಟೇ ಶಾಂಪೂ, ಮೆಷಿನ್ನಿಗೆ ಅಷ್ಟೇ ಪೌಡರ್ ಇವತ್ತೂ ಹಾಕಿದರೆ ಜಾರದೆ ಇನ್ನೇನಾಗಬೇಕು?

ಆದ್ದರಿಂದ ವಾಲ್ವು ತಿರುಗಿಸೋಕೆ ಮುಂಚೆ ಸೋಪು ಅರ್ಧ ಮಾಡಿ. ಒಂದು ವಾರ ನೋಡಿ. ಅರ್ಧ ಜನರ ದೂರು ಅಲ್ಲೇ ಮುಗಿಯುತ್ತೆ. (ಸೀಗೆಕಾಯಿ, ಅಂಟುವಾಳ ಹಾಕಿ ಎರೆದುಕೊಳ್ಳುತ್ತಿದ್ದ ನಮ್ಮಜ್ಜಿಯಂಥವರಿಗೆ ಈ ತಾಪತ್ರಯವೇ ಇರಲಿಲ್ಲ, ಅವು ಸೋಪಿನ ಹಾಗೆ ಸುಣ್ಣದ ಜೊತೆ ಗಂಟು ಬೀಳಲ್ಲ.) ಅಂದ ಹಾಗೆ, ನೀರು ಜಾರೋದು ಬೇರೆ, ಉಪ್ಪುಪ್ಪಾಗಿರೋದು ಬೇರೆ. ಬಾಯಿಗೆ ಹಾಕಿದರೆ ಉಪ್ಪು ತಿಳಿಯುತ್ತೆ ಅಂದರೆ ಉಪ್ಪುನೀರು ಹಾಯಿಸಿದ ಮೇಲೆ ಸರಿಯಾಗಿ ತೊಳೆದಿಲ್ಲ, ಇಲ್ಲವೇ ವಾಲ್ವು ಸೋರುತ್ತಿದೆ. ಅದು ರಿಪೇರಿ ಮಾಡುವವನ ಕೆಲಸ.

ಇನ್ನು ಸಾಫ್ಟ್‌ನರ್. ಅದೇನು ಮಾಯಾಪೆಟ್ಟಿಗೆ ಅಲ್ಲ. ಎತ್ತರದ ಒಂದು ಸಿಲಿಂಡರಿನ ತುಂಬ ಸಾಸಿವೆಗಿಂತ ಸಣ್ಣ, ಜೇನಿನ ಬಣ್ಣದ ರೆಸಿನ್ ಮಣಿಗಳು. ಮಣಿಗಳ ಮೇಲೆ ಸೋಡಿಯಂ ಕೂತಿರುತ್ತೆ. ಗಡಸು ನೀರು ಹಾಯುವಾಗ ಮಣಿ ಕ್ಯಾಲ್ಶಿಯಂ, ಮೆಗ್ನೀಶಿಯಂ ಹಿಡಿದುಕೊಂಡು ಅದಕ್ಕೆ ಬದಲಾಗಿ ಸೋಡಿಯಂ ಬಿಟ್ಟುಕೊಡುತ್ತೆ. ಮಣಿಗಳಲ್ಲಿ ಜಾಗ ಮುಗಿದಾಗ ಗಟ್ಟಿ ಉಪ್ಪುನೀರು ಹಾಯಿಸಿ ತೊಳೆದರೆ ಮತ್ತೆ ಹೊಸದರಂತೆ. ಅಂದರೆ ಇದು ತೆಗೆಯುವ ಮೆಷಿನ್ ಅಲ್ಲ, ಅದಲುಬದಲು ಮಾಡುವ ಮೆಷಿನ್!

ಈ ಅದಲುಬದಲು ತಲೆಗೆ ಹೋಗದೇ ಇರೋದ್ರಿಂದಲೇ ನಮ್ಮ ಕಮಿಟಿ ಅಂಕಲ್‌ಗಳು ಜೇಬಿನಲ್ಲಿ ಟಿಡಿಎಸ್ ಪೆನ್ ಇಟ್ಟುಕೊಂಡು ಓಡಾಡೋದು. ಸಾಫ್ಟ್‌ನರಿನ ಮುಂದೆ ಅದ್ದೋದು, ಹಿಂದೆ ಅದ್ದೋದು, "ಟಿಡಿಎಸ್ ಇಳಿದೇ ಇಲ್ಲ, ನಮಗೆ ಟೋಪಿ ಹಾಕಿದಾರೆ" ಅಂತ ವಾಟ್ಸಾಪಿನಲ್ಲಿ ಫೋಟೋ ಹಾಕೋದು. ಸಾರ್, ಇಳಿಯಲ್ಲ! 40 ಗ್ರಾಂ ಕ್ಯಾಲ್ಶಿಯಂ ಹೋದ ಜಾಗಕ್ಕೆ 46 ಗ್ರಾಂ ಸೋಡಿಯಂ ಬಂದು ಕೂರುತ್ತೆ. ಇಳಿಯೋದಿರಲಿ, ಒಂಚೂರು ಏರುತ್ತೆ. ಗಡಸುತನ ನೋಡೋಕೆ ಬೇರೆಯದೇ ಕಿಟ್ ಇದೆ. ಒಂದಿಷ್ಟು ನೀರಿಗೆ ಬಣ್ಣದ ಹನಿ ಹಾಕಿದರೆ ಕೆಂಪಾಗುತ್ತೆ, ಆಮೇಲೆ ಇನ್ನೊಂದು ದ್ರಾವಣವನ್ನು ಹನಿಹನಿಯಾಗಿ ಹಾಕುತ್ತಾ ಹೋದರೆ ನೀಲಿಗೆ ತಿರುಗುತ್ತೆ. ಎಷ್ಟು ಹನಿ ಬೇಕಾಯಿತೋ ಅದರ ಮೇಲೆ ಲೆಕ್ಕ. ಕಿಟ್ಟಿಗೆ ದೊಡ್ಡ ದುಡ್ಡೂ ಆಗಲ್ಲ. ಆದರೆ ಅದನ್ನು ಉಪಯೋಗಿಸೋಕೆ ಐದು ನಿಮಿಷ ಬಗ್ಗಿ ನಿಂತುಕೊಳ್ಳಬೇಕಲ್ಲ, ಪೆನ್ನಿನಷ್ಟು ಸುಲಭ ಇಲ್ಲ.

ಸರಿ, ಎಷ್ಟಿದ್ದರೆ ಸಾಕು? ನಮ್ಮ ದೇಶದ ಕುಡಿಯುವ ನೀರಿನ ಮಾನದಂಡ ಐಎಸ್ 10500. ಅದರ 2012ರ ಆವೃತ್ತಿಯಲ್ಲಿ ಒಟ್ಟು ಗಡಸುತನಕ್ಕೆ ಒಪ್ಪಬಹುದಾದ ಮಿತಿ ಲೀಟರಿಗೆ 200 ಮಿಲಿಗ್ರಾಂ, ಬೇರೆ ಮೂಲವೇ ಇಲ್ಲದಿದ್ದರೆ 600ರವರೆಗೆ. ಅಮೆರಿಕದ ಭೂವಿಜ್ಞಾನ ಇಲಾಖೆಯವರ ವಿಂಗಡಣೆಯಲ್ಲಿ 60ರ ಒಳಗಿದ್ದರೆ ಮೆದು, 61ರಿಂದ 120 ಮಧ್ಯಮ ಗಡಸು. ಯಾವ ಪುಸ್ತಕದಲ್ಲೂ ಮನೆ ನೀರು ಸೊನ್ನೆ ಇರಬೇಕು ಅಂತ ಬರೆದಿಲ್ಲ. ಸೊನ್ನೆ ಬೇಕಾಗೋದು ಕಾರ್ಖಾನೆಯ ಬಾಯ್ಲರಿಗೆ. ನಾವು ಉಗಿಬಂಡಿಗಳಲ್ಲವಲ್ಲ! 80ರಿಂದ 100 ಇದ್ದರೆ ಸೋಪು ನೊರೆ ಬರುತ್ತೆ, ಗೀಸರಿನ ಕಾಯಿಲ್ ಮೇಲೆ ಕೂರುವ ಸುಣ್ಣ ತುಂಬಾ ಕಡಿಮೆಯಾಗುತ್ತೆ, ಬೇಳೆ ಬೇಯುತ್ತೆ, ಮೈಯೂ ಅಷ್ಟೊಂದು ಜಾರಲ್ಲ. ಇದು ನನ್ನ ಅಭಿಪ್ರಾಯ, ನಿಮಗೆ 120 ಹಿಡಿಸಿದರೆ ಅದೂ ಸರಿ.

ಬೇಳೆ ವಿಷಯ ಬಂತು ಅಂತ ಹೇಳ್ತೀನಿ. ಸಾಫ್ಟ್‌ನರೇ ಬೇಡ, ಅದೆಲ್ಲ ವಿಷ ಅನ್ನುವ ಇನ್ನೊಂದು ಗುಂಪಿದೆಯಲ್ಲ, ಅವರ ಮಾತೂ ನನಗೆ ಒಪ್ಪಿಗೆ ಇಲ್ಲ. ಐನೂರು ಆರುನೂರು ಗಡಸುತನದ ನೀರಿನಲ್ಲಿ ಬೇಳೆ ಬೇಯಿಸಿ ನೋಡಿದವರಿಗೆ ಗೊತ್ತು ಅದರ ಕಷ್ಟ. ಕ್ಯಾಲ್ಶಿಯಂ ಬೇಳೆಯ ಸಿಪ್ಪೆ ತಿರುಳುಗಳಲ್ಲಿರುವ ಪೆಕ್ಟಿನ್ ಅನ್ನು ಬಿಗಿ ಮಾಡಿಬಿಡುತ್ತೆ. ಬೋರ್ ನೀರಿನ ಸೀಮೆಯವರು "ಈ ನೀರಲ್ಲಿ ಬೇಳೆ ಬೇಯಲ್ಲ" ಅನ್ನೋದು ಗಾದೆಯಲ್ಲ, ನಿಜ ಸಂಗತಿ. ಹಂಡೆಯ ಒಳಗೆ ಬೆರಳು ದಪ್ಪ ಸುಣ್ಣ ಕಟ್ಟಿ ಸೌದೆ ಎಷ್ಟು ಉರಿಸಿದರೂ ನೀರು ಕಾಯದ ಮನೆಗಳನ್ನು ನಾನೂ ನೋಡಿದೀನಿ. ಸಾಫ್ಟ್‌ನರ್ ಇರಲಿ. ಹದದಲ್ಲಿ ಇರಲಿ.

ಈಗ ಲೆಕ್ಕ. ನೂರು ಮನೆ ಅಂದುಕೊಳ್ಳಿ, ಮನೆಗೆ ದಿನಕ್ಕೆ 500 ಲೀಟರ್. ಒಟ್ಟು 50,000 ಲೀಟರ್. ಗಡಸುತನ 500 ಇದ್ದರೆ ದಿನಕ್ಕೆ 25 ಕಿಲೋ ಗಡಸು ತೆಗೆಯಬೇಕು. ರಸಾಯನಶಾಸ್ತ್ರದ ಲೆಕ್ಕದಲ್ಲಿ ಅದಕ್ಕೆ ಕನಿಷ್ಠ 29 ಕಿಲೋ ಉಪ್ಪು ಬೇಕು. ನಿಜದಲ್ಲಿ ಯಾವ ಮೆಷಿನ್ನೂ ಅಷ್ಟು ಜಿಪುಣ ಅಲ್ಲ, ಒಂದೂವರೆ ಪಟ್ಟಿನಿಂದ ಮೂರು ಪಟ್ಟಿನವರೆಗೆ ತಿನ್ನುತ್ತೆ. ಎರಡು ಪಟ್ಟು ಅಂತ ಇಟ್ಟುಕೊಂಡರೆ ದಿನಕ್ಕೆ 58 ಕಿಲೋ. ಐವತ್ತು ಕಿಲೋ ಮೂಟೆ ದಿನಕ್ಕೊಂದು ಸಾಲಲ್ಲ! ವರ್ಷಕ್ಕೆ 21 ಟನ್. ಒಂದು ಅಪಾರ್ಟ್‌ಮೆಂಟಿಗೆ.

ಈಗ ಸೊನ್ನೆ ಬದಲು 100 ಉಳಿಸಿ. ಐದನೇ ಒಂದು ಭಾಗ ನೀರು ಸಾಫ್ಟ್‌ನರಿನೊಳಗೆ ಹೋಗಬೇಕಾಗೇ ಇಲ್ಲ. ಅಷ್ಟರಿಂದಲೇ ವರ್ಷಕ್ಕೆ ನಾಲ್ಕು ಟನ್ ಉಪ್ಪು ಉಳಿಯಿತು. ಒಂದು ವಾಲ್ವು ತಿರುಗಿಸಿದ್ದಕ್ಕೆ!

"ಉಪ್ಪು ಏನ್ರೀ, ಚೀಪು" ಅಂತಾರೆ. ಚೀಪೇ. ಆದರೆ ಅದು ಹೋಗೋದು ಎಲ್ಲಿಗೆ? ಸೋಡಿಯಂ ನಮ್ಮ ನಲ್ಲಿಗಳಿಂದ ಬರುತ್ತೆ, ಕ್ಲೋರೈಡ್ ತೊಳೆದ ನೀರಿನ ಜೊತೆ ಚರಂಡಿಗೆ ಹೋಗುತ್ತೆ, ಕೊನೆಗೆ ಎರಡೂ ಸೇರೋದು ಒಂದೇ ಕಡೆ. ನಮ್ಮ ಎಸ್‌ಟಿಪಿಗಳಲ್ಲಿ ಬ್ಯಾಕ್ಟೀರಿಯಾ ಕೊಳೆ ತಿನ್ನುತ್ತವೆ, ಉಪ್ಪು ತಿನ್ನಲ್ಲ. ಉಪ್ಪು ಬಂದ ಹಾಗೇ ಆಚೆ ಹೋಗುತ್ತೆ. ಅದೇ ನೀರನ್ನು ಕಟ್ಟಡದ ಸುತ್ತಲಿನ ಗಿಡಗಳಿಗೆ ಬಿಡ್ತೀವಿ. ಸೋಡಿಯಂ ಜಾಸ್ತಿಯಾದ ಜೇಡಿಮಣ್ಣು ನೀರು ಇಂಗಿಸಿಕೊಳ್ಳದೆ ಗಟ್ಟಿಯಾಗುತ್ತೆ, ಎಲೆಯ ತುದಿ ಸುಟ್ಟ ಹಾಗಾಗುತ್ತೆ. ಆಮೇಲೆ ಮಾಲಿಗೆ ಬೈಗಳು. ಪಾಪ, ಅವನೇನು ಮಾಡ್ತಾನೆ?

ಗಿಡಗಳಿಗೆ ಮುಗಿದರೆ ಚೆನ್ನಾಗಿತ್ತು. ಬೆಂಗಳೂರಿನ ಕೋರಮಂಗಲ-ಚಲ್ಲಘಟ್ಟ ಕಣಿವೆಯ ಒಳಚರಂಡಿ ನೀರನ್ನು ಶುದ್ಧೀಕರಿಸಿ 2018ರ ಜೂನಿನಿಂದ ಕೋಲಾರದ ಕೆರೆಗಳಿಗೆ ಪೈಪಿನಲ್ಲಿ ಕಳಿಸ್ತಿದಾರೆ. ಕೆ.ಸಿ. ವ್ಯಾಲಿ ಯೋಜನೆ ಅಂತ ನೀವೆಲ್ಲ ಕೇಳಿರ್ತೀರಿ. ಎರಡು ಹಂತದ ಶುದ್ಧೀಕರಣವೋ ಮೂರು ಹಂತದ್ದೋ ಅಂತ ಕೋರ್ಟಿನವರೆಗೂ ಜಗಳ ಆಯ್ತು. ಆದರೆ ಮೂರನೇ ಹಂತ ಹಾಕಿದರೂ ಸಾಮಾನ್ಯವಾಗಿ ಅದು ಸೋಸಿ, ಕ್ರಿಮಿ ಕೊಲ್ಲುವ ಕೆಲಸ. ಆರ್‌ಓ ಹಾಕದ ಹೊರತು ಕರಗಿದ ಉಪ್ಪು ಹೋಗಲ್ಲ. ಆ ಕೆರೆಗಳ ಉದ್ದೇಶವೇ ಅಂತರ್ಜಲ ತುಂಬಿಸೋದು. ಅಂದರೆ ನಮ್ಮ ಬಚ್ಚಲು ಜಾರಲಿ ಅಂತ ಸುರಿದ ಉಪ್ಪಿನ ಒಂದು ಪಾಲು ಕೋಲಾರದ ರೈತನ ಬಾವಿಯ ಕಡೆಗೆ ಹೊರಟಿದೆ. ಅಲ್ಲಿನ ಮಣ್ಣು ಹಾಳಾಗಿರೋದೆಲ್ಲ ನಮ್ಮ ಸಾಫ್ಟ್‌ನರಿನಿಂದ ಅಂತ ನಾನು ಹೇಳ್ತಿಲ್ಲ. ಮನುಷ್ಯರ ಊಟದ ಉಪ್ಪೂ, ಕಾರ್ಖಾನೆಗಳದ್ದೂ ಅದರಲ್ಲಿದೆ. ಆದರೆ ಬೇಡದೆ ಸುರಿಯುವ ಆ ನಾಲ್ಕು ಟನ್ ನಮ್ಮದೇ. ಉಪ್ಪು ತಿಂದವನು ನೀರು ಕುಡಿಯಬೇಕು ಅಂತಾರೆ. ಇಲ್ಲಿ ಉಪ್ಪು ತಿನ್ನೋರು ನಾವು, ನೀರು ಕುಡಿಯೋರು ಇನ್ಯಾರೋ.

ಇದು ನನ್ನೊಬ್ಬನ ಹುಚ್ಚಲ್ಲ. ಕ್ಯಾಲಿಫೋರ್ನಿಯಾದ ಸ್ಯಾಂಟಾ ಕ್ಲಾರಿಟಾ ಕಣಿವೆಯಲ್ಲಿ 2008ರ ನವೆಂಬರಿನಲ್ಲಿ ಜನ ಮತ ಹಾಕಿ, ಉಪ್ಪು ಹಾಕುವ ಆಟೋಮ್ಯಾಟಿಕ್ ಸಾಫ್ಟ್‌ನರುಗಳನ್ನು ಮನೆಗಳಿಂದ ತೆಗೆಯುವ ಕಾನೂನಿಗೆ ಒಪ್ಪಿಗೆ ಕೊಟ್ಟರು. ಕಾರಣ, ನದಿಗೆ ಸೇರುತ್ತಿದ್ದ ಕ್ಲೋರೈಡ್. ಕೆಳಗಡೆ ಅವಕಾಡೊ, ಸ್ಟ್ರಾಬೆರಿ ಬೆಳೆಯುವವರು ಕೂತಿದ್ದರು. ನಮ್ಮ ಕೆಳಗಡೆ ಟೊಮೇಟೊ ಬೆಳೆಯುವವರಿದಾರೆ. ಅವರಿಗೆ ಮತ ಕೇಳುವವರು ಇದಾರೆ, ಇದನ್ನು ಕೇಳುವವರು ಇಲ್ಲ.

ಸೊನ್ನೆ ಏಕೆ ಇಡ್ತಾರೆ ಗೊತ್ತಾ? ಯಾಕಂದ್ರೆ ಕಂಪನಿಯವನಿಗೆ ಅದೇ ಸುಲಭ. ಸಂಪಿನಲ್ಲಿ ಇವತ್ತು ಬೋರ್, ನಾಳೆ ಟ್ಯಾಂಕರ್, ನಾಡಿದ್ದು ಕಾವೇರಿ. ಟ್ಯಾಂಕರಿನವನು ಎಲ್ಲಿಂದ ತಂದ ಅಂತ ದೇವರಿಗೂ ಗೊತ್ತಿಲ್ಲ. 2024ರ ಬೇಸಿಗೆಯಲ್ಲಿ ಬೋರ್‌ವೆಲ್‌ಗಳು ಒಣಗಿದಾಗ ಎಲ್ಲಿಯದೋ ನೀರು ಬಂತು. ಅದೇ ಅಕ್ಟೋಬರಿನಲ್ಲಿ ಕಾವೇರಿ ಐದನೇ ಹಂತ ಶುರುವಾಗಿ ಹೊರವಲಯದ ಎಷ್ಟೋ ಕಟ್ಟಡಗಳಿಗೆ ಹೊಸದಾಗಿ ಕಾವೇರಿ ನೀರು ಬಂತು. ಬೋರ್ ನೀರಿನ ಮುಂದೆ ಕಾವೇರಿ ನೀರು ಎಷ್ಟೋ ಮೆದು. ಸಂಪಿನ ಗಡಸುತನ ಅರ್ಧಕ್ಕೆ ಇಳಿದಿರಬಹುದು. ಮೆಷಿನ್ನಿನ ಸೆಟ್ಟಿಂಗ್? ಹಾಕಿಸಿದ ದಿನ ಏನಿತ್ತೋ ಅದೇ! ಗಡಿಯಾರ ನೋಡಿಕೊಂಡು ದಿನಾ ರಾತ್ರಿ ಎರಡು ಗಂಟೆಗೆ ಉಪ್ಪು ಕುಡಿಯುತ್ತಾ ಕೂತಿದೆ. ಕೇಳಿದರೆ "ಸಾರ್, ಝೀರೋ ಬರ್ತಿದೆ ನೋಡಿ" ಅಂತ ಹುಡುಗ ಕಿಟ್ ತೋರಿಸ್ತಾನೆ. ಝೀರೋ ಬರ್ತಿದೆ ಅನ್ನೋದೇ ದೂರು ಅಂತ ಅವನಿಗೆ ಹೇಗೆ ಹೇಳೋದು?

ನಮ್ಮಲ್ಲಿ ಆದದ್ದು ಕೇಳಿ. ನೀರು ಜಾರುತ್ತೆ ಅಂತ ದೂರು ಹೋಯ್ತು. ನೋಡಿಕೊಳ್ಳುವ ಕಂಪನಿ (ಹೆಸರು ಬೇಡ) ಕೊಟ್ಟ ಪರಿಹಾರ ಇಡೀ ಕಟ್ಟಡಕ್ಕೆ ಇನ್ನೊಂದು ಹಂತದ ಪ್ಲಾಂಟ್, ಆರ್‌ಓ! ಬರುವ ನೀರಿನ ದೊಡ್ಡ ಪಾಲನ್ನು ಚರಂಡಿಗೆ ಬಿಟ್ಟು ಉಳಿದದ್ದನ್ನು ಇನ್ನೂ ಸಪ್ಪೆ ಮಾಡುವ ಯಂತ್ರ, ಅದೂ ಟ್ಯಾಂಕರಿಗೆ ದುಡ್ಡು ಕೊಡುವ ನಮಗೆ. ಕಮಿಟಿ ಕೊಟೇಶನ್ ಕೇಳಿಬಿಟ್ಟಿತ್ತು. ಅದರ ಮುಂದೆ ಬೈಪಾಸ್ ವಾಲ್ವಿನ ಮಾತು ಯಾರಿಗೆ ರುಚಿಸುತ್ತೆ? ಅದರಲ್ಲಿ ಯಾರಿಗೂ ಕಾಸಿಲ್ಲ.

ಮಾಡಬೇಕಾದ್ದು ಇಷ್ಟೇ. ಮನೆಮಟ್ಟದ ಮೆಷಿನ್ ಆದರೆ ಮೇಲಿನ ತಲೆಯಲ್ಲಿ ಮಿಕ್ಸಿಂಗ್ ಸ್ಕ್ರೂ ಇದೆಯಾ ನೋಡಿ. ಕೆಲವು ಮಾಡೆಲ್ಲುಗಳಲ್ಲಿ ಇರುತ್ತೆ. ಇದ್ದರೆ ಸ್ವಲ್ಪ ತಿರುಗಿಸಿ, ನಲ್ಲಿ ಐದು ಹತ್ತು ನಿಮಿಷ ಬಿಟ್ಟು, ಹನಿ ಹಾಕಿ ಪರೀಕ್ಷಿಸಿ, ಬೇಕಾದರೆ ಇನ್ನಷ್ಟು ತಿರುಗಿಸಿ. ಸ್ಕ್ರೂ ಇಲ್ಲದಿದ್ದರೆ ಸಾಫ್ಟ್‌ನರ್ ದಾಟಿಸುವ ಬೈಪಾಸ್ ಪೈಪ್ ಇರುತ್ತಲ್ಲ, ಅದನ್ನು ಚೂರು ತೆರೆಯಬೇಕು. ಅಲ್ಲಿ ಬಾಲ್ ವಾಲ್ವ್ ಇದ್ದರೆ ಪ್ಲಂಬರಿಗೆ ಹೇಳಿ ಗ್ಲೋಬ್ ವಾಲ್ವ್ ಹಾಕಿಸಿ. ಬಾಲ್ ವಾಲ್ವು ಪೂರ್ತಿ ತೆರೆಯೋಕೆ, ಪೂರ್ತಿ ಮುಚ್ಚೋಕೆ ಚೆಂದ, ಒಂದಿಷ್ಟೇ ಬಿಡೋಕೆ ಅದು ಬಗ್ಗಲ್ಲ. ಅಪಾರ್ಟ್‌ಮೆಂಟಿನ ಪ್ಲಾಂಟ್ ಆದರೆ ಬೈಪಾಸನ್ನು ಸ್ಯಾಂಡ್ ಫಿಲ್ಟರ್, ಕಾರ್ಬನ್ ಫಿಲ್ಟರ್ ಆದ ಮೇಲೆ, ಸಾಫ್ಟ್‌ನರಿಗೆ ಮುಂಚೆ ತೆಗೆಯಬೇಕು. ಸಂಪಿನಿಂದ ನೇರ ತೆಗೆದರೆ ಮಣ್ಣೂ ಜೊತೆಗೆ ಬರುತ್ತೆ. ಎಷ್ಟು ಬಿಡಬೇಕು? ಬೇಕಾದ ಗಡಸುತನವನ್ನು ಬರುವ ಗಡಸುತನದಿಂದ ಭಾಗಿಸಿ. 300 ಬಂದು 100 ಬೇಕಾದರೆ ಮೂರರಲ್ಲಿ ಒಂದು ಪಾಲು. 500 ಆದರೆ ಐದರಲ್ಲಿ ಒಂದು. ವಾರಕ್ಕೊಮ್ಮೆ ಪರೀಕ್ಷೆ, ಟ್ಯಾಂಕರ್ ಬದಲಾದ ದಿನ ಇನ್ನೊಮ್ಮೆ. ಹೊಸ ಗಡಸುತನವನ್ನು ಮೆಷಿನ್ನಿಗೂ ಹೇಳಿ. ಲೀಟರ್ ಲೆಕ್ಕದಲ್ಲಿ ನಡೆಯುವ ಮಾಡೆಲ್ ಆದರೆ ಅದರ ಮೇಲೇ ಉಪ್ಪು ಕುಡಿಯುತ್ತೆ. ಗಡಿಯಾರದ್ದಾದರೆ ದಿನದ ಅಂತರ ನಾವೇ ಹೆಚ್ಚಿಸಬೇಕು, ಇಲ್ಲದಿದ್ದರೆ ಬೈಪಾಸ್ ತೆರೆದರೂ ಒಂದು ಕಾಳು ಉಪ್ಪೂ ಉಳಿಯಲ್ಲ.

ಮಾಡಬಾರದ್ದು ಒಂದಿದೆ, ಅದನ್ನೇ ಎಲ್ಲರೂ ಮಾಡೋದು. ನೀರು ಜಾರುತ್ತಾ? ಉಪ್ಪು ಕಡಿಮೆ ಹಾಕು! ಅಥವಾ ಮೆಷಿನ್ನಿಗೆ ಸುಳ್ಳು ಹೇಳು, 500 ಇದ್ದರೆ 300 ಅಂತ ಒತ್ತು. ಇದರಿಂದ ನೀರು ಮಧ್ಯಮ ಆಗಲ್ಲ ಮಾರಾಯ್ರೇ. ಮಣಿಗಳಲ್ಲಿ ಜಾಗ ಇರುವವರೆಗೆ ಸೊನ್ನೆಯೇ ಬರುತ್ತೆ, ಮುಗಿದ ಮೇಲೆ ಪೂರ್ತಿ ಗಡಸು ಬರುತ್ತೆ. ಮೂರು ದಿನ ಉಪ್ಪಿಲ್ಲದ ಸಾರು ಬಡಿಸಿ ನಾಲ್ಕನೇ ದಿನ ನಾಲ್ಕೂ ದಿನದ ಉಪ್ಪು ಒಟ್ಟಿಗೆ ಹಾಕಿದ ಹಾಗೆ. ಸರಾಸರಿ ಸರಿಯಾಗೇ ಇದೆ ಅಂತ ಯಾರಾದರೂ ಊಟ ಮಾಡ್ತಾರಾ?

ಕೂದಲಿನ, ಚರ್ಮದ ಕಥೆಗೂ ಎರಡು ಮಾತು. ಸೊನ್ನೆ ನೀರಾದರೆ ಮಗುವಿನ ಎಕ್ಸಿಮಾ ವಾಸಿಯಾಗುತ್ತೆ ಅಂತ ಮಾರಾಟದವರು ಹೇಳ್ತಾರಲ್ಲ, 2011ರಲ್ಲಿ ಪ್ರಕಟವಾದ ಇಂಗ್ಲೆಂಡಿನ ಒಂದು ಪ್ರಯೋಗದಲ್ಲಿ 336 ಮಕ್ಕಳನ್ನು ಎರಡು ಗುಂಪು ಮಾಡಿ, ಒಂದು ಗುಂಪಿನ ಮನೆಗಳಿಗೆ ಸಾಫ್ಟ್‌ನರ್ ಹಾಕಿ ಹನ್ನೆರಡು ವಾರ ನೋಡಿದರು. ಮಾಮೂಲಿ ಚಿಕಿತ್ಸೆಗಿಂತ ಹೆಚ್ಚಿನ ಪ್ರಯೋಜನ ಕಾಣಲಿಲ್ಲ. ಇನ್ನು ಕುಡಿಯುವ ವಿಷಯ. 500 ಗಡಸುತನವನ್ನು ಪೂರ್ತಿ ತೆಗೆದರೆ ಲೀಟರಿಗೆ 230 ಮಿಲಿಗ್ರಾಂ ಸೋಡಿಯಂ ಸೇರುತ್ತೆ. ವಿಶ್ವ ಆರೋಗ್ಯ ಸಂಸ್ಥೆ ಹೇಳುವ ದಿನದ ಮಿತಿ 2000. ಮನೆಯಲ್ಲಿ ಆರ್‌ಓ ಇದ್ದರೆ ಅದರ ಬಹುಪಾಲು ಹೋಗುತ್ತೆ. ಅಡುಗೆಗೆ ನೇರ ನಲ್ಲಿ ನೀರು ಹಾಕುವವರು, ಅದರಲ್ಲೂ ಬಿಪಿ, ಕಿಡ್ನಿ ತೊಂದರೆ ಇರುವ ಹಿರಿಯರಿರುವ ಮನೆಯವರು ಡಾಕ್ಟರನ್ನು ಒಮ್ಮೆ ಕೇಳೋದು ಒಳ್ಳೆಯದು.

ಪಾತ್ರೆ ತೊಳೆಯುವ ಮೆಷಿನ್ ಇರುವವರು ಇನ್ನೂ ಒಂದು ತಮಾಷೆ ಮಾಡ್ತಾರೆ. ಅದರ ಹೊಟ್ಟೆಯಲ್ಲೂ ಪುಟ್ಟ ಸಾಫ್ಟ್‌ನರ್ ಇರುತ್ತೆ. ಕಟ್ಟಡದ ನೀರು ಆಗಲೇ ಸೊನ್ನೆ, ಇವರು ಅದರ ಸೆಟ್ಟಿಂಗನ್ನು ಕೊನೆಯ ನಂಬರಿಗೆ ಇಟ್ಟು ತಿಂಗಳಿಗೊಮ್ಮೆ ಉಪ್ಪು ಸುರೀತಾರೆ. ಗಾಜಿನ ಲೋಟಗಳು ಮಸುಕಾದರೆ ಇನ್ನಷ್ಟು ಪೌಡರ್. ಅತಿ ಮೆದು ನೀರಿಗೆ ಪೌಡರ್ ಜಾಸ್ತಿಯಾದರೇ ಗಾಜು ಸವೆದು ಮಸುಕಾಗೋದು ಅಂತ ಅದರ ಪುಸ್ತಕದಲ್ಲೇ ಬರೆದಿರುತ್ತೆ, ಓದುವವರಿಲ್ಲ.

ನಮ್ಮ ಕಮಿಟಿಯ ಮುಂದಿನ ಮೀಟಿಂಗ್ ಬರುವ ಭಾನುವಾರ. ಅಷ್ಟರೊಳಗೆ ನಿಮ್ಮಲ್ಲಿ ಯಾರಾದರೂ ನಿಮ್ಮ ಕಟ್ಟಡದಲ್ಲಿ ಬೈಪಾಸ್ ತೆರೆದು ನೋಡಿದ್ದರೆ, ಬರುವ ನೀರು ಎಷ್ಟು, ಹೋಗುವ ನೀರು ಎಷ್ಟು, ತಿಂಗಳಿಗೆ ಎಷ್ಟು ಮೂಟೆ ಉಪ್ಪು, ಮೂರೇ ಮೂರು ಸಂಖ್ಯೆ ಇಲ್ಲಿ ಕೆಳಗೆ ಬರೆದು ಹೋಗಿ. ಆರ್‌ಓ ಕೊಟೇಶನ್ನಿನ ಪಕ್ಕದಲ್ಲಿ ಅದನ್ನು ಪ್ರಿಂಟ್ ಮಾಡಿ ಇಡ್ತೀನಿ. ಟಿಡಿಎಸ್ ಮಾತ್ರ ಬರೀಬೇಡಿ, ಕೈಮುಗಿದು ಕೇಳ್ಕೋತೀನಿ :)